ಲೆಕ್ಕಕ್ಕೆ ಸಿಕ್ಕವರು, ಸಿಗದವರು: ಮೈಸೂರಿನ ಬೊಜ್ಜು ಸಂಶೋಧನೆಯ ಹಿನ್ನೆಲೆ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಇಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು 1934ರಿಂದ ಬರೆದಿಡಲಾಗಿತ್ತು. ಹೆರಿಗೆ ವಾರ್ಡಿನ ನಿತ್ಯದ ಕೆಲಸವಾಗಿದ್ದ ಆ ಬರವಣಿಗೆಯೇ ಸುಮಾರು ಆರು ದಶಕಗಳ ನಂತರ ಬೊಜ್ಜು, ಮಧುಮೇಹ ಮತ್ತು ಹೃದ್ರೋಗಗಳ ಕುರಿತ ಜಂಟಿ ಸಂಶೋಧನೆಗೆ ಅಡಿಪಾಯವಾಯಿತು.

ಹುಟ್ಟುವಾಗಿನ ತೂಕಕ್ಕೂ ಮುಂದೆ ಬರುವ ಕಾಯಿಲೆಗೂ ನಂಟಿದೆಯೇ ಎಂಬ ಪ್ರಶ್ನೆ ಮೊದಲು ಎದ್ದದ್ದು ಇಂಗ್ಲೆಂಡಿನಲ್ಲಿ. ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಹೃದ್ರೋಗ ಬರುವ ಸಂಭವ ಹೆಚ್ಚು ಎಂದು ಸೌತಾಂಪ್ಟನ್‌ನ ವೈದ್ಯ ಸಂಶೋಧಕ ಡೇವಿಡ್ ಬಾರ್ಕರ್ 1980ರ ದಶಕದಲ್ಲಿ ಹಳೆಯ ಜನನ ದಾಖಲೆಗಳ ಆಧಾರದಿಂದ ತೋರಿಸಿದ್ದರು. ಈ ಮಾತು ಭಾರತಕ್ಕೂ ಸಲ್ಲುತ್ತದೆಯೇ ಎಂದು ತಿಳಿಯಲು ಸೌತಾಂಪ್ಟನ್‌ನವರೇ ಆದ ಸಂಶೋಧಕಿ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆಸ್ಪತ್ರೆಯ ಆಸುಪಾಸಿನ ಮನೆಗಳಲ್ಲಿ ವಿಚಾರಿಸಿ, ಅಲ್ಲಿ ಹುಟ್ಟಿದವರನ್ನು ಪತ್ತೆ ಹಚ್ಚಿದರು. 517 ಮಂದಿಯನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ವರದಿ, ಹೃದ್ರೋಗದ ಮಟ್ಟಿಗೆ ಬಾರ್ಕರ್ ಅವರ ಮಾತನ್ನು ಬೆಂಬಲಿಸಿತು. ಮಧುಮೇಹದ ವಿಷಯದಲ್ಲಿ ಮಾತ್ರ ಮೈಸೂರು ಬೇರೆಯದನ್ನೇ ಹೇಳಿತು: ಇಲ್ಲಿ ಆ ಕಾಯಿಲೆ ಹೆಚ್ಚಾಗಿ ಕಂಡುಬಂದದ್ದು ಉದ್ದ ಕಡಿಮೆಯಿದ್ದು ದುಂಡಗೆ ಹುಟ್ಟಿದವರಲ್ಲಿ, ಅದರಲ್ಲೂ ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಬೇರೊಂದು ದೇಶದ ತೀರ್ಮಾನವನ್ನು ಹಾಗೆಯೇ ತಂದು ನಮ್ಮ ಜನರಿಗೆ ಅನ್ವಯಿಸಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಗರ್ಭಿಣಿಯರಲ್ಲೇ ಮಧುಮೇಹವನ್ನು ಹುಡುಕಬೇಕೆಂಬ ಯೋಚನೆ ಇದರಿಂದ ಬಲಗೊಂಡು, 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನೂ ಅವರಿಗೆ ಹುಟ್ಟುವ ಮಕ್ಕಳನ್ನೂ ವರ್ಷಗಳ ಕಾಲ ಹಿಂಬಾಲಿಸುವ ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. ಅದರಲ್ಲಿ 830 ಗರ್ಭಿಣಿಯರು ಸೇರಿದರು. ಪರೀಕ್ಷೆಗೊಳಗಾದವರ ಪೈಕಿ ಶೇ. 6.2ರಷ್ಟು ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಅಂಥ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷಕ್ಕೇ ಮೈಕೊಬ್ಬು ಹೆಚ್ಚಾಗಿರುವುದು ಮುಂದೆ ಕಂಡುಬಂತು.

ಇಂಥ ಅಧ್ಯಯನ ಮಾಡುವ ಸಂಶೋಧನಾ ಘಟಕವನ್ನು ನಡೆಸುವುದು ಎಂದರೆ ಬಹುಪಾಲು ಜನರನ್ನು ಉಳಿಸಿಕೊಳ್ಳುವ ಕೆಲಸ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಇರುವ ನಾಡಿನಲ್ಲಿ ಒಂದು ಊರಿನಲ್ಲಿ ಹೆಸರು ಬರೆಸಿದ ಗರ್ಭಿಣಿ ಇನ್ನೊಂದು ಊರಿನಲ್ಲಿ ಹೆರುತ್ತಾಳೆ. ಹೆಣ್ಣುಮಗು ಬೆಳೆದು ಮದುವೆಯಾದರೆ ವಿಳಾಸವೇ ಬದಲಾಗುತ್ತದೆ. ಸಕ್ಕರೆ ಪರೀಕ್ಷೆಗೆ ಬರಿಹೊಟ್ಟೆಯಲ್ಲಿ ಬಂದು, ಗ್ಲೂಕೋಸ್ ಕುಡಿದು, ಎರಡು ಗಂಟೆ ಕಾಯಬೇಕು. ಸಂಬಳ ಬರುವವರಿಗೆ ಅದು ಒಂದು ರಜೆಯ ಮಾತು, ಕೂಲಿಯವರಿಗೆ ಆ ದಿನದ ಕೂಲಿಯೇ ಹೋಗುತ್ತದೆ. ಹೋಗಿಬರುವ ಖರ್ಚು, ಬೆಳಗಿನ ತಿಂಡಿ, ಮನೆಗೆ ಹೋಗಿ ಮಾತನಾಡಿಸುವ ಕಾರ್ಯಕರ್ತೆಯರ ಸಂಬಳ, ಇವೆಲ್ಲ ಅನುದಾನದ ಅರ್ಜಿಯಲ್ಲಿ ಕೊನೆಗೆ ಬರುವ ಬಾಬ್ತುಗಳಾದರೂ ಅವಿಲ್ಲದಿದ್ದರೆ ಅಧ್ಯಯನದಲ್ಲಿ ಉಳಿಯುವವರು ಅನುಕೂಲಸ್ಥರು ಮಾತ್ರ. ಅನುದಾನ ಬರುವುದು ಕೆಲವೇ ವರ್ಷಗಳಿಗೆ. ಜನರನ್ನು ಹಿಂಬಾಲಿಸಬೇಕಾದದ್ದು ಆಯುಷ್ಯದುದ್ದಕ್ಕೂ. ವಿದೇಶಿ ಸಹಭಾಗಿತ್ವವಿದ್ದರೆ ನೈತಿಕ ಸಮಿತಿಯ ಜೊತೆಗೆ ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು. ಇಲ್ಲಿನವರ ರಕ್ತ ಮತ್ತು ಮಾಹಿತಿಯ ಮೇಲೆ ಯಾರಿಗೆ ಎಷ್ಟು ಹಕ್ಕು ಎಂಬುದನ್ನು ಮೊದಲೇ ಬರೆದುಕೊಳ್ಳುವುದಕ್ಕೆ ಅದು ತಕ್ಕ ಸಂದರ್ಭ.

ಅಸಮಾನತೆಯ ಪ್ರಶ್ನೆ ಇರುವುದೂ ಇಲ್ಲಿಯೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವ ಮಹಿಳೆಯರ ಪ್ರಮಾಣ 2015–16ರಲ್ಲಿ ಶೇ. 23.3 ಇದ್ದದ್ದು 2019–21ಕ್ಕೆ ಶೇ. 30.1ಕ್ಕೆ ಏರಿತು, ಅದೇ ವೇಳೆ ಶೇ. 17.2ರಷ್ಟು ಮಹಿಳೆಯರು ಇರಬೇಕಾದದ್ದಕ್ಕಿಂತ ಕಡಿಮೆ ತೂಕದವರಾಗಿದ್ದರು. ಈ ಎರಡೂ ಕಷ್ಟಗಳು ಒಂದೇ ಮನೆಯಲ್ಲಿ ಇರಬಹುದು. ಮೈಸೂರಿನ ಹಳೆಯ ದಾಖಲೆಗಳಾದರೋ ಆಸ್ಪತ್ರೆಗೆ ಬಂದು ಹೆತ್ತವರ ದಾಖಲೆಗಳು. ಅದೇ ವರ್ಷಗಳಲ್ಲಿ ಮಂಡ್ಯ, ಮಳವಳ್ಳಿ, ನಾಗಮಂಗಲದ ಹಳ್ಳಿಗಳಲ್ಲಿ ಸೂಲಗಿತ್ತಿಯರ ಕೈಯಲ್ಲಿ ಹುಟ್ಟಿದವರನ್ನು ಯಾರೂ ತೂಗಿರಲಿಲ್ಲ. ಇಂದು ಹಳ್ಳಿಗಳಲ್ಲೂ ತಾಯಿ ಕಾರ್ಡ್ ಇದೆ, ಅಂಗನವಾಡಿಯಲ್ಲಿ ತೂಕದ ಯಂತ್ರವಿದೆ, ಆಶಾ ಕಾರ್ಯಕರ್ತೆಗೆ ಪ್ರತಿ ಮನೆಯ ಪರಿಚಯವಿದೆ. ಮುಂದಿನ ಸಂಶೋಧನಾ ಘಟಕ ತನ್ನ ಮೊದಲ ಪಟ್ಟಿಯನ್ನು ಅಲ್ಲಿಂದ ಬರೆಯಲು ತೊಡಗಬಹುದು.