ಹೇಂಟೆ-ಮರಿ ಗಿಡ: ಹಿಮದ ಪಾಠ, ಬೆಂಗಳೂರಿನ ತಾರಸಿ

ಹೇಂಟೆ-ಮರಿ ಗಿಡ ಅಂದರೆ ಸೆಂಪರ್ವೈವಮ್. ಅದರ ಬಗ್ಗೆ ಓದಲು ಕೂತರೆ ಮೊದಲ ಪುಟದಲ್ಲೇ ಹಿಮ ಬೀಳುತ್ತದೆ. ಮೈನಸ್ 30 ಡಿಗ್ರಿಗೂ ಜಗ್ಗದ ಗಿಡ, ಚಳಿಗಾಲವಿಡೀ ಹಿಮದಡಿ ಮಲಗಿ ವಸಂತಕ್ಕೆ ಏಳುವ ಗಿಡ, ಹೀಗೆ. ನನ್ನ ಕುಂಡಗಳಿರುವುದು ವಿಜಯನಗರದ ಎರಡನೇ ಮಹಡಿಯ ತಾರಸಿಯಲ್ಲಿ. ಈ ಊರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದಮೇಲೆ ಓದಿದ್ದರಲ್ಲಿ ಅರ್ಧ ನಮಗೆ ಬೇಡ. ಉಳಿದರ್ಧದಲ್ಲಿ ಯಾವುದು ಬೇಕು ಅನ್ನೋದನ್ನು ಎರಡು ಮಳೆಗಾಲ ಕಳೆದು, ಆರು ಗಿಡ ಸತ್ತ ಮೇಲೆ ಬರೆದಿಟ್ಟುಕೊಂಡೆ.

ಮೊದಲು ಗಿಡ ಯಾವುದೆಂದು ಖಾತ್ರಿಯಾಗಲಿ. ನಡುವೆ ದೊಡ್ಡದೊಂದು ಎಲೆಸುತ್ತು, ಸುತ್ತ ಪುಟ್ಟ ಎಲೆಸುತ್ತುಗಳು. ಹೇಂಟೆಯ ಸುತ್ತ ಮರಿಗಳು ಕೂತ ಹಾಗೆ ಕಾಣುವ ಯಾವ ಗಿಡಕ್ಕೂ ನರ್ಸರಿಯವರು ಇದೇ ಹೆಸರು ಹೇಳಿಬಿಡುತ್ತಾರೆ. ನಾನು ಮೊದಲು ತಂದದ್ದು ಎಚೆವೇರಿಯಾ. ಅದರ ತವರು ಮೆಕ್ಸಿಕೋದ ಎತ್ತರದ ಸೀಮೆ. ಸೆಂಪರ್ವೈವಮ್ ಆಲ್ಪ್ಸ್, ಪಿರೆನೀಸ್, ಕಾಕಸಸ್ ಬೆಟ್ಟಗಳ ಕಡೆಯದು. ಎರಡೂ ಕ್ರಾಸುಲೇಸಿ ಕುಟುಂಬದವೇ, ಸ್ವಭಾವ ಮಾತ್ರ ಬೇರೆ. ಎಚೆವೇರಿಯಾದ ಎಲೆ ದಪ್ಪ, ಮೇಲೆ ವಿಭೂತಿ ಬಳಿದಂಥ ಪುಡಿ. ಒಂದೆಲೆ ಕಿತ್ತು ಮಣ್ಣಿನ ಮೇಲಿಟ್ಟರೂ ಬೇರು ಬಿಡುತ್ತದೆ. ಸೆಂಪರ್ವೈವಮ್ ಎಲೆ ತೆಳು, ತುದಿ ಚೂಪು. ಬೆಳಕಿಗೆ ಹಿಡಿದು ನೋಡಿ, ಎಲೆಯಂಚಿನಲ್ಲಿ ರೆಪ್ಪೆಗೂದಲಿನಂಥ ಸಣ್ಣ ರೋಮಗಳಿರುತ್ತವೆ. ಇದರ ಒಂಟಿ ಎಲೆಯಿಂದ ಗಿಡ ಬರಿಸುವ ಆಸೆ ಬಿಡಿ; ನಾನು ಹತ್ತು ಎಲೆ ಒಣಗಿಸಿ ಬಿಟ್ಟಿದ್ದೇನೆ. ಮರಿಗಳು ಹುಟ್ಟುವುದು ದಾರದಂಥ ಬಳ್ಳಿಯ ತುದಿಯಲ್ಲಿ.

ನಮ್ಮೂರಿಗೆ ಸುಲಭ ಎಚೆವೇರಿಯಾ. ಹೊಸಬರು ಅದರಿಂದಲೇ ಶುರುಮಾಡಿ, ಇದು ನನ್ನ ಅಭಿಪ್ರಾಯ. ಹಟ ಇದ್ದವರಿಗೆ ಮಾತ್ರ ಮುಂದಿನದು.

ಯೂರೋಪಿನಲ್ಲಿ ಸೆಂಪರ್ವೈವಮ್ಮನ್ನು ಮನೆ ಸೂರಿನ ಮೇಲೆ ಬೆಳೆಸುತ್ತಿದ್ದರು. ಸಿಡಿಲು ಬಡಿಯುವುದಿಲ್ಲ ಎಂಬ ನಂಬಿಕೆ. ಕ್ರಿ.ಶ. 800ರ ಸುಮಾರಿಗೆ ಷಾರ್ಲಮೇನ್ ದೊರೆಯ ಕಾಲದ ರಾಜಾಜ್ಞೆಯೊಂದು ತೋಟಗಾರನ ಮನೆ ಮೇಲೆ ಈ ಗಿಡ ಇರಬೇಕು ಎನ್ನುತ್ತದೆ. ಪ್ರಭೇದದ ಹೆಸರು ಟೆಕ್ಟೋರಮ್ ಅಂದರೂ ‘ಸೂರುಗಳ’ ಎಂದೇ ಅರ್ಥ. ಸಿಡಿಲಿನ ಮಾತು ಬಿಡಿ, ಸೂರನ್ನು ಗಮನಿಸಿ: ಇಳಿಜಾರು, ಬೆರಳು ದಪ್ಪದಷ್ಟೇ ಮಣ್ಣು, ಬಿದ್ದ ನೀರು ನಿಲ್ಲದೆ ಹರಿದುಹೋಗುವ ಜಾಗ. ಚಳಿ ತಡೆಯುವ ಈ ಗಿಡ ಒದ್ದೆ ಬುಡವನ್ನು ತಡೆಯುವುದಿಲ್ಲ. ಅದರ ತವರಲ್ಲೂ ಚಳಿಗಾಲದಲ್ಲಿ ಕೊಲ್ಲುವುದು ಹೆಚ್ಚಾಗಿ ನಿಂತ ನೀರೇ.

ನಮ್ಮಲ್ಲಿ ಒದ್ದೆಯ ಜೊತೆಗೆ ಸೆಕೆಯ ರಾತ್ರಿಯೂ ಸೇರಿಕೊಳ್ಳುತ್ತದೆ. ಇದು ಅರ್ಥವಾಗಲು ಕಾಡುಬಸಳೆಯ ಬಳಿ ಹೋಗಬೇಕು. ಅದೂ ಇದೇ ಕುಟುಂಬದ್ದು. ಟಿಪ್ಪುವಿನ ನಂತರ ಕೆಲಕಾಲ ಲಾಲ್‌ಬಾಗ್ ನೋಡಿಕೊಂಡ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞ, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ತುಸು ಕಹಿ ಎಂದು ಬರೆದ. ಅವನ ಪತ್ರ 1815ರಲ್ಲಿ ಲಂಡನ್ನಿನ ಲಿನ್ನೇಯನ್ ಸೊಸೈಟಿಯ ಸಂಚಿಕೆಯಲ್ಲಿ ಅಚ್ಚಾಯಿತು. ನಾನೂ ಆರು ಗಂಟೆಗೆ ಒಂದು ಚೂರು ನಾಲಿಗೆಗೆ ತಾಗಿಸಿ ಉಗುಳಿದೆ (ನುಂಗಬೇಡಿ, ಎಲೆಯಲ್ಲಿ ವಿಷದ ಅಂಶವಿದೆ). ಹುಣಸೆ ಚಿಗುರಿನ ಹುಳಿ. ಎರಡು ಗಂಟೆಗೆ ಬರೀ ಸೊಪ್ಪಿನ ನೀರು.

ವಿಷಯ ಇಷ್ಟೇ: ಈ ಕುಟುಂಬದ ಗಿಡಗಳು ಬಿಸಿಲಲ್ಲಿ ನೀರು ಕಳೆದುಕೊಳ್ಳಬಾರದೆಂದು ಹಗಲು ಎಲೆಯ ರಂಧ್ರ ಮುಚ್ಚಿ ರಾತ್ರಿ ತೆರೆಯುತ್ತವೆ. ರಾತ್ರಿ ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ಅದರಿಂದ ಸಕ್ಕರೆ ಮಾಡಿಕೊಳ್ಳುತ್ತವೆ. ರಾತ್ರಿ ತಂಪಾಗಿದ್ದರೆ ಉಳಿತಾಯ ಹೆಚ್ಚು. ಏಪ್ರಿಲ್‌ನ ಸೆಕೆಯ ರಾತ್ರಿಗಳಲ್ಲಿ ಉಸಿರಾಟಕ್ಕೇ ಸಕ್ಕರೆ ಖರ್ಚಾಗುತ್ತದೆ. ಬೆಟ್ಟದ ಗಿಡ ಆಗ ಎಲೆಗಳನ್ನು ಮೊಗ್ಗಿನಂತೆ ಒಳಗೆಳೆದುಕೊಂಡು ಸುಮ್ಮನಾಗುತ್ತದೆ. ಬಾಡಿದೆ ಎಂದುಕೊಂಡು ನಾವು ನೀರು ಸುರಿಯುತ್ತೇವೆ, ಅಷ್ಟರಲ್ಲಿ ಮಾವಿನ ಮಳೆಯೂ ಬರುತ್ತದೆ. ಬೇರು ಕುಡಿಯುವುದಿಲ್ಲ, ಕೊಳೆಯುತ್ತದೆ. ನನ್ನ ಮೂರನೇ ಗಿಡ ಮೇಲಿಂದ ಚೆನ್ನಾಗೇ ಇತ್ತು. ಎರಡು ಬೆರಳಲ್ಲಿ ಎತ್ತಿದೆ, ಎಲೆಸುತ್ತು ಮಾತ್ರ ಕೈಗೆ ಬಂತು. ಕೆಳಗೆ ಕೊಳೆತ ಈರುಳ್ಳಿಯ ಕಪ್ಪು, ಅದೇ ವಾಸನೆ.

ಹಾಗಾಗಿ ಕುಂಡ. ಬೇರು ಮೇಲ್ಮೇಲೆ ಹರಡುವುದರಿಂದ ನಾಲ್ಕು ಇಂಚು ಆಳ ಸಾಕು. ಅಗಲವಾದ ಮಣ್ಣಿನ ತಟ್ಟೆ, ಕೆಳಗೆ ತೂತು. ನಮ್ಮ ಕೆಂಪುಮಣ್ಣು ಒಂದು ಪಾಲು, ಹಳೆಯ ಕಾಂಪೋಸ್ಟ್ ಅರ್ಧ ಪಾಲು, ಕಡಲೆಕಾಳು ಗಾತ್ರದ ಇಟ್ಟಿಗೆ ಚೂರು ಅಥವಾ ಸಣ್ಣ ಜಲ್ಲಿ ಎರಡು ಪಾಲು. ಎಂ-ಸ್ಯಾಂಡ್ ಹಾಕುವುದಾದರೆ ಜರಡಿ ಹಿಡಿದು ಪುಡಿ ತೆಗೆಯಿರಿ, ಇಲ್ಲದಿದ್ದರೆ ಸಿಮೆಂಟಿನಂತೆ ಕೂರುತ್ತದೆ. ಕುಂಡದ ತಳಕ್ಕೆ ಜಲ್ಲಿಯ ಪದರ ಹಾಕಿದರೆ ನೀರು ಬೇಗ ಇಳಿಯುತ್ತದೆ ಅನ್ನೋದು ತಪ್ಪು: ನೀರು ಮಣ್ಣಿನ ಕೊನೆಯಲ್ಲೇ ತಡೆದು ನಿಲ್ಲುತ್ತದೆ, ಒದ್ದೆ ಭಾಗ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಜಲ್ಲಿ ಮಣ್ಣಿನಲ್ಲೇ ಬೆರೆಯಲಿ. ಎಲೆಯ ಕೆಳಗೆ ನಾನು ಒಡೆದ ಮಂಗಳೂರು ಹೆಂಚಿನ ಚೂರು ಹರಡಿದ್ದೇನೆ, ಬುಡ ಒಣಗಿರುತ್ತದೆ.

ನೆಲದಲ್ಲಿ ನೆಡುವವರು ಕಲ್ಲಿನ ಸಂದಿಯ ಇಳಿಜಾರು ಮಾಡಿಕೊಳ್ಳಿ. ಸಮತಟ್ಟು ಪಾತಿಯಲ್ಲಿ ಬೇಡವೇ ಬೇಡ.

ಪೂರ್ವದ ಬಿಸಿಲು ಹನ್ನೊಂದರವರೆಗೆ, ಆಮೇಲೆ ನೆರಳು. ಜೂನ್‌ನಿಂದ ಅಕ್ಟೋಬರ್‌ವರೆಗೆ ಕುಂಡ ಕಿಟಕಿಯ ಸಜ್ಜೆಯ ಕೆಳಗೆ, ಗಾಳಿ ಆಡುವಲ್ಲಿ. ನೀರು ಹಾಕುವುದು ಕುಂಡ ಎತ್ತಿ ನೋಡಿ ಹಗುರ ಅನ್ನಿಸಿದ ಮೇಲೆ. ಬೆಳೆಯುವ ಕಾಲ ನವೆಂಬರ್‌ನಿಂದ ಫೆಬ್ರವರಿ. ಮರಿ ನೆಡುವುದೂ ಆಗಲೇ. ಚಿತ್ರಗಳಲ್ಲಿ ಕಾಣುವ ದ್ರಾಕ್ಷಿ ಕೆಂಪು ಇಲ್ಲಿ ಬರದಿದ್ದರೆ ಗೊಬ್ಬರದ ಅಂಗಡಿಗೆ ಓಡಬೇಡಿ. ಆ ಬಣ್ಣ ತರುವುದು ಚಳಿ ಮತ್ತು ಪ್ರಖರ ಬೆಳಕು. ನನ್ನದು ಜನವರಿಯಲ್ಲಿ ತುದಿ ಮಾತ್ರ ಕೆಂಪಾಗುತ್ತದೆ.

ಹೂವಿನ ವಿಚಾರವೂ ತಿಳಿದಿರಲಿ. ಎಲೆಸುತ್ತಿನ ನಡುವೆಯೇ ಎದ್ದು ದಂಟಾಗಿ ಹೂಬಿಟ್ಟರೆ ಆ ಹೇಂಟೆ ಅಲ್ಲಿಗೆ ಮುಗಿಯಿತು, ಬಾಳೆಯ ಹಾಗೆ. ಅದು ನಿಮ್ಮ ತಪ್ಪಲ್ಲ. ಎಚೆವೇರಿಯಾಗೆ ದಂಟು ಪಕ್ಕದಿಂದ ಬರುತ್ತದೆ, ಗಿಡ ಉಳಿಯುತ್ತದೆ.

ಮರಿಗಳನ್ನು ಅವಸರದಲ್ಲಿ ಕತ್ತರಿಸಬೇಡಿ. ಬಳ್ಳಿ ಹಸಿರಿರುವ ತನಕ ತಾಯಿ ಉಣಿಸುತ್ತಿರುತ್ತದೆ. ಕಂದುಬಣ್ಣಕ್ಕೆ ತಿರುಗಿ ನೂಲಿನಂತೆ ಒಣಗಿದಾಗ ಮೆಲ್ಲಗೆ ಎಳೆಯಿರಿ. ಮರಿ ಜಗ್ಗದಿದ್ದರೆ ಬೇರು ಹಿಡಿದಿದೆ. ಈಗ ನನ್ನ ತಟ್ಟೆಯಲ್ಲಿ ಅಂಥವು ನಾಲ್ಕಿವೆ, ಎರಡರ ನೂಲು ಇನ್ನೂ ಹಸಿರು.