ಹಲ್ಲು ಹೋದ ಮೇಲೆ ದವಡೆಯ ನರ ಎಲ್ಲಿರುತ್ತದೆ?

“ರೊಟ್ಟಿ ಕಡದ್ರ ಸಾಕ್ರಿ, ತುಟಿಗೆ ಕರೆಂಟ್ ಹೊಡದಂಗ ಆಗತೈತ್ರಿ.” ಹಲವು ವರ್ಷಗಳಿಂದ ಕೆಳಗಿನ ಹಲ್ಲಿನ ಸೆಟ್ ಹಾಕುತ್ತಿರುವ ಹಿರಿಯರು ಧಾರವಾಡ, ಗದಗ ಕಡೆ ಹೀಗೆ ಹೇಳಿದರೆ ಸೆಟ್ಟಿಗಿಂತ ಮೊದಲು ದವಡೆ ನೋಡಬೇಕು.

ಬೇರನ್ನು ಹಿಡಿದಿರುವ ಎಲುಬು ಹಲ್ಲಿಗಾಗಿಯೇ ಬೆಳೆದದ್ದು. ಹಲ್ಲು ಕಿತ್ತ ಮೇಲೆ ಅದು ಕರಗತೊಡಗುತ್ತದೆ. ಮೊದಲ 12 ತಿಂಗಳಲ್ಲೇ ದಿಂಡಿನ (ಹಲ್ಲು ನಿಂತಿದ್ದ ಎಲುಬಿನ ಏರು) ಅಗಲ ಸುಮಾರು ಅರ್ಧ ಹೋಗುತ್ತದೆ. ಅದರಲ್ಲೂ ಹೆಚ್ಚಿನ ಪಾಲು ಮೊದಲ 3 ತಿಂಗಳಲ್ಲಿ. ಆಮೇಲೆ ವೇಗ ತಗ್ಗುತ್ತದೆ, ನಿಲ್ಲುವುದಿಲ್ಲ. ಸೆಟ್ಟಿನ ಭಾರ ಹೊರುವ ಜಾಗ ಕೆಳದವಡೆಯಲ್ಲಿ ಕಡಿಮೆ, ಹಾಗಾಗಿ ಮೇಲಿನದಕ್ಕಿಂತ ಅದೇ ಹೆಚ್ಚು ಸವೆಯುತ್ತದೆ.

ಕೆಳದವಡೆಯೊಳಗಿನ ಕಾಲುವೆಯಲ್ಲಿ ಸಾಗುವ ನರದ ಒಂದು ಕವಲು, ಕೋರೆಹಲ್ಲಿನ ಹಿಂದಿನ ಎರಡು ಸಣ್ಣ ಹಲ್ಲುಗಳ ಬೇರಿನ ಆಸುಪಾಸಿನ ರಂಧ್ರದಿಂದ ಹೊರಬಂದು ಕೆಳತುಟಿ, ಗದ್ದಕ್ಕೆ ಹೋಗುತ್ತದೆ. ಹಲ್ಲಿದ್ದಾಗ ಈ ರಂಧ್ರ ದವಡೆಯ ಎತ್ತರದ ಹೆಚ್ಚುಕಡಿಮೆ ನಡುವಿಗೆ. ದವಡೆಯ ಕೆಳಅಂಚಿನಿಂದ ಅದರ ದೂರ ಅಷ್ಟಾಗಿ ಬದಲಾಗುವುದಿಲ್ಲ. ಮೇಲಿನ ಎಲುಬು ಇಳಿಯುತ್ತ ಬಂದು ರಂಧ್ರ ದಿಂಡಿನ ನೆತ್ತಿಗೇ ಬರಬಹುದು. ಕೆಲವರಲ್ಲಿ ಕಾಲುವೆಯ ಮೇಲ್ಛಾವಣಿಯೂ ಕರಗಿ, ನರದ ಮೇಲೆ ಉಳಿಯುವುದು ಒಸಡಷ್ಟೇ. ಖಡಕ್ ರೊಟ್ಟಿ ಕಡಿದಾಗ ಸೆಟ್ ಒತ್ತುವುದು ಅದನ್ನೇ.

ಪತ್ತೆ ಬೆರಳಲ್ಲೇ ಆಗುತ್ತದೆ. ಸೆಟ್ ತೆಗೆದು, ಆ ಜಾಗದ ಒಸಡನ್ನು ತೋರುಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ತುಟಿಗೆ ಅದೇ ಜುಮ್ಮು ಹರಿಯುತ್ತದೆ. ಒಸಡು ಒರೆಸಿ, ಬಣ್ಣದ ಪೆನ್ಸಿಲಿನಿಂದ ಅಲ್ಲಿ ಚುಕ್ಕೆಯಿಟ್ಟು ಸೆಟ್ ಕೂಡಿಸಿ ತೆಗೆದರೆ ಗುರುತು ಸೆಟ್ಟಿನ ಒಳಮೈಗೆ ಅಂಟುತ್ತದೆ. ದಂತವೈದ್ಯರು ಅಷ್ಟನ್ನೇ ತೋಡಬೇಕು. ನೋವಿದೆಯೆಂದು ಸುತ್ತಲ ಅಂಚನ್ನೆಲ್ಲ ಉಜ್ಜಿದರೆ ಸೆಟ್ ಅಲುಗಾಡಿ ಹೊಸ ಹುಣ್ಣು ಮಾಡುತ್ತದೆ. ಮನೆಯಲ್ಲಿ ಕಾನಸು ಹಿಡಿಯುವುದಂತೂ ಬೇಡ. ಸೆಟ್ ಸಡಿಲಾಗಿದ್ದರೆ ಒಳಮೈಗೆ ಹೊಸ ಪದರ ಕೂಡಿಸಿಕೊಳ್ಳಬೇಕು, ರಾತ್ರಿ ತೆಗೆದು ನೀರಲ್ಲಿಡಬೇಕು.

ಇಂಪ್ಲಾಂಟ್ (ಎಲುಬು ಕೊರೆದು ಕೂಡಿಸುವ ಕೃತಕ ಬೇರು) ಹಾಕುವಾಗ ಎಚ್ಚರ ಇನ್ನೂ ಬೇಕು. ಇಂಪ್ಲಾಂಟ್ ತುದಿಗೂ ಕಾಲುವೆಗೂ ನಡುವೆ 2 ಮಿ.ಮೀ. ಎಲುಬು ಬಿಡುವುದು ರೂಢಿ. ಓಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ ಚಿತ್ರ, ಅಳತೆಯನ್ನು ಹಿಗ್ಗಿಸಿ ತೋರಿಸುತ್ತದೆ, ದಿಂಡಿನ ದಪ್ಪವನ್ನು ತೋರಿಸುವುದೇ ಇಲ್ಲ. ಸವೆದ ದವಡೆಗೆ ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ನರ ರಂಧ್ರದಿಂದ ಹೊರಡುವ ಮುನ್ನ ಕೆಲವರಲ್ಲಿ ಮುಂದೆ ಹೋಗಿ ಹಿಂದಕ್ಕೆ ಹೊರಳುತ್ತದೆ. ರಂಧ್ರದ ಮುಂದೆ ಜಾಗವಿದೆಯೆಂದು ಕೊರೆದವರು ತಪ್ಪುವುದು ಇಲ್ಲಿಯೇ.

ಸೆಟ್ ತೆಗೆದಿಟ್ಟರೂ ತುಟಿಯ ಮರಗಟ್ಟುವಿಕೆ ಹೋಗದಿದ್ದರೆ ಸೆಟ್ಟನ್ನೇ ದೂರುತ್ತ ಕೂಡಬೇಡಿ. ಎಲುಬಿನ ಸೋಂಕು, ಗಡ್ಡೆ ಕೂಡ ಹೀಗೇ ಶುರುವಾಗಬಹುದು. ಗುಟ್ಕಾ, ತಂಬಾಕು ಹಾಕುವವರು ಅದೇ ವಾರ ತೋರಿಸಿಕೊಳ್ಳಿ.