ಜೋಡಿ ಡಿಸ್ಕ್: ಒಂದು ಸತ್ತರೆ ಗೊತ್ತಾಗಬೇಕು

ಹತ್ತಿ ಹಂಗಾಮು ಶುರುವಾಯಿತೆಂದರೆ ರಾಯಚೂರಿನ ಗಂಜ್‌ನಲ್ಲಿ ಅಡತಿ ಅಂಗಡಿಯ ಕಂಪ್ಯೂಟರಿಗೆ ಬಿಡುವಿಲ್ಲ. ತೂಕದ ಚೀಟಿ, ರೈತರ ಖಾತೆ, ಲಾರಿಯ ಇ-ವೇ ಬಿಲ್ ಎಲ್ಲವೂ ಒಂದೇ ಹಾರ್ಡ್ ಡಿಸ್ಕಿನಲ್ಲಿ ಇರುತ್ತವೆ. ಅದು ಕೆಟ್ಟರೆ ವ್ಯಾಪಾರವೇ ನಿಂತಂತೆ. ಇದಕ್ಕಿರುವ ಸರಳ ಉಪಾಯ ಮಿರರ್, ಅಂದರೆ ಎರಡು ಡಿಸ್ಕಿಗೂ ಅದೇ ಮಾಹಿತಿಯನ್ನು ಒಟ್ಟಿಗೇ ಬರೆಯುವುದು. ಒಂದು ಹಳೆಯ ಡೆಸ್ಕ್‌ಟಾಪ್, ಎರಡು ಡಿಸ್ಕ್, ಫ್ರೀಬಿಎಸ್‌ಡಿ ಅಥವಾ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಇದ್ದರೆ ಸಾಕು. ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ರೇಡ್ ವಿಧಾನದ ದುಬಾರಿ ಕಾರ್ಡ್ ಬೇಕಿಲ್ಲ.

1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ರೇಡ್ ಕುರಿತ ಪ್ರಬಂಧ ಬರೆದಾಗ ಮಿರರನ್ನು ಅದರ ಮೊದಲ ಹಂತವಾಗಿ ಇಟ್ಟರು. ಅಷ್ಟರಲ್ಲಾಗಲೇ ಅದು ಬಳಕೆಯಲ್ಲಿತ್ತು. ಹಳೆಯ ಬಗೆಯ ಮಿರರಿಗೆ ಒಂದು ಕೊರತೆಯಿದೆ. ಎರಡು ಪ್ರತಿಗಳು ಬೇರೆಬೇರೆ ಆಗಿಬಿಟ್ಟರೆ ಯಾವುದು ಸರಿ ಎಂದು ಹೇಳಲು ಅದಕ್ಕೆ ಆಧಾರವಿಲ್ಲ. ಲಿನಕ್ಸಿನೊಳಗೇ ಇರುವ ಎಂಡಿ ಎಂಬ ಮಿರರ್ ಈಗಲೂ ವ್ಯತ್ಯಾಸಗಳನ್ನು ಎಣಿಸಿ ಹೇಳುತ್ತದೆ, ಅಷ್ಟೇ. ರಿಪೇರಿ ಮಾಡು ಎಂದರೆ ಒಂದು ಡಿಸ್ಕಿನಲ್ಲಿರುವುದನ್ನು ಇನ್ನೊಂದಕ್ಕೆ ಬರೆಯುತ್ತದೆ, ಕೆಟ್ಟದ್ದು ಮೊದಲನೆಯದೇ ಆಗಿದ್ದರೂ. ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಹಾಗಲ್ಲ. ಸನ್ ಕಂಪನಿ 2005ರಲ್ಲಿ ಹೊರತಂದ, 2008ರ ಫ್ರೀಬಿಎಸ್‌ಡಿ 7.0ಕ್ಕೆ ಬಂದ ಈ ವ್ಯವಸ್ಥೆ ಪ್ರತಿ ಬ್ಲಾಕಿನ, ಅಂದರೆ ಮಾಹಿತಿಯ ತುಂಡಿನ, ಚೆಕ್‌ಸಮ್ಮನ್ನು (ತಾಳೆ ನೋಡುವ ಸಂಖ್ಯೆಯನ್ನು) ಆ ಬ್ಲಾಕಿನಲ್ಲಲ್ಲದೆ ಬೇರೆ ಕಡೆ ಇಡುತ್ತದೆ. ಓದುವಾಗ ತಾಳೆಯಾಗದಿದ್ದರೆ ಇನ್ನೊಂದು ಡಿಸ್ಕಿನಿಂದ ಸರಿಯಾದ ಪ್ರತಿ ತಂದುಕೊಟ್ಟು, ಕೆಟ್ಟದ್ದನ್ನು ತಿದ್ದುತ್ತದೆ. ಲೆಕ್ಕಪತ್ರ ಇಡುವ ಯಂತ್ರಕ್ಕೆ ನಮ್ಮ ಆಯ್ಕೆ ಇದೇ.

ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಡಿಸ್ಕ್ ಬೇಡ. ಒಂದೇ ಬ್ಯಾಚಿನವು, ಒಂದೇ ಸೆಕೆ, ಒಂದೇ ಗಂಟೆಗಳ ದುಡಿತ. ಆಯಸ್ಸೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯಬಹುದು. ಬರಹದ ಪಟ್ಟಿಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊಂದಿಸುವ ಎಸ್‌ಎಂಆರ್ ಬಗೆಯ ಡಿಸ್ಕ್ ಕೂಡ ಬೇಡ, ಜೋಡಿಯನ್ನು ಮತ್ತೆ ಕಟ್ಟುವಾಗ ಅದರ ಬರೆಯುವ ವೇಗ ಪಾತಾಳಕ್ಕೆ ಇಳಿಯುತ್ತದೆ. ಬೇರೆ ಕಂಪನಿಯ 2 ಟೆರಾಬೈಟ್ ಡಿಸ್ಕ್ ಕೆಲವು ಸೆಕ್ಟರ್ ಚಿಕ್ಕದಿರಬಹುದು, ಆಗ ಝಡ್‌ಎಫ್‌ಎಸ್ ಅದನ್ನು ಸೇರಿಸಿಕೊಳ್ಳದಿರಬಹುದು. ಮೊದಲೇ ಕೊನೆಯಲ್ಲಿ 1 ಜಿಬಿ ಬಿಟ್ಟು ಪಾರ್ಟಿಷನ್ ಮಾಡಿದರೆ ಈ ತಂಟೆ ಇರುವುದಿಲ್ಲ.

ಜೋಡಿಸುವ ಮುನ್ನ ಒಂದು ಕೆಲಸ ಮಾಡಿ. ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ದಪ್ಪಗೆ ಬರೆದು, ಕ್ಯಾಬಿನೆಟ್ ತೆರೆದ ಕೂಡಲೇ ಕಾಣುವ ಅಂಚಿಗೆ ಅಂಟಿಸಿ. ಪಾರ್ಟಿಷನ್ ಲೇಬಲ್ಲಿಗೂ ಅದನ್ನೇ ಕೊಡಿ. ಮುಂದೊಂದು ದಿನ ಸತ್ತದ್ದನ್ನು ಬಿಟ್ಟು ಬದುಕಿರುವುದನ್ನು ಕೀಳದಂತೆ ಕಾಯುವುದು ಈ ಚೀಟಿಯೇ.

ಹೊಸದಾಗಿ ಹಾಕುವುದಾದರೆ ಫ್ರೀಬಿಎಸ್‌ಡಿ ಇನ್‌ಸ್ಟಾಲರಿನಲ್ಲಿ ಆಟೋ ಝಡ್‌ಎಫ್‌ಎಸ್ ಆರಿಸಿ, ಮಿರರ್ ಎಂದು ಹೇಳಿ, ಎರಡೂ ಡಿಸ್ಕ್ ಗುರುತು ಮಾಡಿ. ಅಲ್ಲೇ ಸ್ವಾಪನ್ನೂ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಮಿರರ್ ಮಾಡಬೇಕೇ ಎಂಬ ಸಾಲು ಇರುತ್ತದೆ, ಮೊದಲಿಗೆ ಅದು ನೋ ಎಂದಿರುತ್ತದೆ. ಯೆಸ್ ಮಾಡಿ. ಇಲ್ಲದಿದ್ದರೆ ಡಿಸ್ಕ್ ಸಾಯುವಾಗ ಅದರ ಸ್ವಾಪಿನಲ್ಲಿದ್ದ ಪ್ರೋಗ್ರಾಮುಗಳೂ ಬೀಳುತ್ತವೆ.

ಈಗಾಗಲೇ ಒಂದೇ ಡಿಸ್ಕಿನಲ್ಲಿ ನಡೆಯುತ್ತಿರುವ ಪೂಲಿಗೆ (ಝಡ್‌ಎಫ್‌ಎಸ್ ಮಾಹಿತಿ ಇಡುವ ಡಿಸ್ಕುಗಳ ಗುಂಪಿಗೆ) ಎರಡನೆಯದನ್ನು ಸೇರಿಸುವವರು ಇಲ್ಲಿ ನಿಂತು ಓದಬೇಕು. ಬೇಕಾದ ಆಜ್ಞೆ ಝಡ್‌ಪೂಲ್ ಅಟ್ಯಾಚ್. ಪೂಲಿನ ಹೆಸರು, ಹಳೆಯ ಡಿಸ್ಕ್, ಹೊಸ ಡಿಸ್ಕ್ ಈ ಕ್ರಮದಲ್ಲಿ. ಅಟ್ಯಾಚ್ ಬದಲು ಆ್ಯಡ್ ಎಂದು ಹೊಡೆದರೆ ಜಾಗ ಎರಡರಷ್ಟಾಗುತ್ತದೆ, ಮಿರರ್ ಆಗುವುದಿಲ್ಲ. ಮಾಹಿತಿ ಎರಡೂ ಡಿಸ್ಕಿಗೆ ಹಂಚಿಹೋಗಿ, ಯಾವುದೇ ಒಂದು ಸತ್ತರೂ ಇಡೀ ಪೂಲ್ ಹೋಗುತ್ತದೆ. ಒಂಟಿ ಡಿಸ್ಕಿನ ಪೂಲಿಗೆ ಇನ್ನೊಂದು ಒಂಟಿ ಡಿಸ್ಕ್ ಸೇರಿಸುವಾಗ ಅದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಎಂಟರ್ ಒತ್ತುವ ಮೊದಲು ಆ ಒಂದು ಪದವನ್ನು ಮತ್ತೆ ನೋಡಿ.

ಅಟ್ಯಾಚ್ ಆದ ಮೇಲೆ ಹಳೆಯದರಲ್ಲಿ ಇರುವಷ್ಟನ್ನೇ ಹೊಸದಕ್ಕೆ ನಕಲು ಮಾಡುತ್ತದೆ. 1 ಟೆರಾಬೈಟ್ ತುಂಬಿದ್ದರೆ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಸುಮಾರು 2 ಗಂಟೆ 45 ನಿಮಿಷ ಎಂದು ಇಟ್ಟುಕೊಳ್ಳಿ. ಆದರೆ ಬೂಟ್ ಮಾಡುವ ಇಎಫ್‌ಐ ಪಾರ್ಟಿಷನ್ನನ್ನು ಝಡ್‌ಎಫ್‌ಎಸ್ ಮುಟ್ಟುವುದಿಲ್ಲ. ಅದನ್ನು ನೀವೇ ಹೊಸ ಡಿಸ್ಕಿಗೆ ನಕಲು ಮಾಡಬೇಕು. ಮರೆತರೆ ಲೆಕ್ಕವೆಲ್ಲ ಭದ್ರವಾಗಿದ್ದೂ ಯಂತ್ರ ಏಳುವುದಿಲ್ಲ. ಪರೀಕ್ಷೆ ಸುಲಭ: ಯಂತ್ರ ಆಫ್ ಮಾಡಿ, ಮೊದಲ ಡಿಸ್ಕಿನ ಕೇಬಲ್ ಬಿಚ್ಚಿ, ಎರಡನೆಯದರಿಂದ ಬೂಟ್ ಮಾಡಿ. ಮತ್ತೆ ಆಫ್ ಮಾಡಿ ಕೇಬಲ್ ಹಾಕಿ, ಎರಡೂ ಸಮವಾಗುವವರೆಗೆ ಕಾಯಿರಿ. ಆಮೇಲೆಯೇ ಇನ್ನೊಂದರ ಸರದಿ.

ನಿಜವಾದ ಅಪಾಯ ಶುರುವಾಗುವುದು ಎಲ್ಲ ಚೆನ್ನಾಗಿ ನಡೆಯುತ್ತಿರುವಾಗ. ಒಂದು ಡಿಸ್ಕ್ ಸತ್ತರೂ ಬಿಲ್ ಬರುತ್ತಲೇ ಇರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಸ್ಟೆಪ್ನಿ ಹಾಕಿಕೊಂಡೇ ಓಡುತ್ತಿರುವ ಲಾರಿಯ ಹಾಗೆ, ಮುಂದಿನ ಪಂಕ್ಚರಿಗೆ ಏನೂ ಉಳಿದಿರುವುದಿಲ್ಲ. ಫ್ರೀಬಿಎಸ್‌ಡಿಯ ಪೀರಿಯಾಡಿಕ್ ಫೈಲಿನಲ್ಲಿ ಝಡ್‌ಎಫ್‌ಎಸ್ ದಿನದ ವರದಿ, ಸ್ಕ್ರಬ್ ಎರಡಕ್ಕೂ ಯೆಸ್ ಕೊಡಿ. 35 ದಿನಕ್ಕೊಮ್ಮೆ ಸ್ಕ್ರಬ್ ಇಡೀ ಪೂಲನ್ನು ಓದಿ ತಾಳೆ ನೋಡುತ್ತದೆ. ಆ ವರದಿ ರೂಟ್ ಎಂಬ ಆಡಳಿತ ಖಾತೆಯ ಅಂಚೆಪೆಟ್ಟಿಗೆಯಲ್ಲೇ ಕೊಳೆಯಬಾರದು, ಅಂಗಡಿಯವರು ದಿನಾ ನೋಡುವ ಇಮೇಲಿಗೆ ಹೋಗಬೇಕು. ಲಿನಕ್ಸಿನ ಎಂಡಿಯಲ್ಲಿ ಎಂಡಿಸ್ಟ್ಯಾಟ್ ಫೈಲ್ ತೆರೆದರೆ ಎರಡು ಯು ಅಕ್ಷರ ಕಾಣಬೇಕು. ಒಂದರ ಜಾಗದಲ್ಲಿ ಅಡಿಗೆರೆ ಬಂದಿದ್ದರೆ ಆ ಡಿಸ್ಕ್ ಹೋಗಿದೆ.

ತಪ್ಪುಗಳ ಎಣಿಕೆ ಏರಿದ ಕೂಡಲೇ ಡಿಸ್ಕ್ ಎಸೆಯಬೇಡಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ಪಟ್ಟಿಯಲ್ಲಿ 5 ಮತ್ತು 197ನೇ ಸಾಲು ಏರುತ್ತಿದ್ದರೆ ಡಿಸ್ಕೇ ಹಾಳಾಗುತ್ತಿದೆ. 199 ಮಾತ್ರ ಏರಿದರೆ ಬಹುಪಾಲು ಸಾಟಾ ಕೇಬಲ್ಲಿನ ತಪ್ಪು. ಎರಡೂ ಡಿಸ್ಕಿನಲ್ಲಿ ಒಟ್ಟಿಗೇ ಚೆಕ್‌ಸಮ್ ತಪ್ಪು ಕಂಡರೆ ರ‍್ಯಾಮ್ ಅಥವಾ ಪವರ್ ಸಪ್ಲೈ ನೋಡಿ. 194ನೇ ಸಾಲು ಉಷ್ಣತೆ. ಹೆಚ್ಚಿನ ಡಿಸ್ಕುಗಳ ಮಿತಿ 60 ಡಿಗ್ರಿ, ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಹೊರಗಿನ ಗಾಳಿಯೇ 40 ದಾಟುತ್ತದೆ. ಡಿಸ್ಕುಗಳ ನಡುವೆ ಒಂದು ಡಿಸ್ಕಿನಷ್ಟು ಜಾಗ ಖಾಲಿ ಬಿಟ್ಟು, ಎದುರಿಗೆ ಫ್ಯಾನ್ ಹಾಕಿ. ಹತ್ತಿಯ ನವಿರು, ಭತ್ತದ ಹೊಟ್ಟಿನ ಧೂಳು ಕೂತರೆ ಆ ಫ್ಯಾನೂ ಉಸಿರಾಡುವುದಿಲ್ಲ, ಹಂಗಾಮಿನಲ್ಲಿ ವಾರಕ್ಕೊಮ್ಮೆ ಬ್ರಷ್ ಆಡಿಸಿ.

ಮಿರರ್ ಬ್ಯಾಕಪ್ ಅಲ್ಲ. ಯಾರಾದರೂ ಖಾತೆ ಅಳಿಸಿದರೆ ಎರಡೂ ಕಡೆ ಅದೇ ಕ್ಷಣ ಅಳಿಯುತ್ತದೆ. ದಿನಾ ರಾತ್ರಿ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಯ ದಾಖಲೆ) ತೆಗೆದು, ವಾರಕ್ಕೊಮ್ಮೆ ಝಡ್‌ಎಫ್‌ಎಸ್ ಸೆಂಡ್ ಮೂಲಕ ಮೂರನೆಯ ಡಿಸ್ಕಿಗೆ ಕಳಿಸಿ, ಅದನ್ನು ಅಂಗಡಿಯಲ್ಲಿಡದೆ ಮನೆಗೆ ಒಯ್ಯಿರಿ. ಸತ್ತ ಡಿಸ್ಕ್ ಬದಲಿಸುವ ದಿನವೂ ಮೊದಲು ಈ ಬ್ಯಾಕಪ್ ಮುಗಿಸಿ, ಆಮೇಲೆ ಕ್ಯಾಬಿನೆಟ್ ತೆರೆಯಿರಿ. ಹೊಸದಕ್ಕೆ ನಕಲು ಮಾಡಲು ಉಳಿದ ಒಂಟಿ ಡಿಸ್ಕನ್ನು ಪೂರ್ತಿ ಓದುವುದು ಅವತ್ತೇ, ಅದೂ ಕೈಕೊಟ್ಟರೆ ಉಳಿಯುವುದು ಈ ಬ್ಯಾಕಪ್ ಮಾತ್ರ.